ಮಾಗಳದ ಜೋಡಿ ಪೆಟ್ಟಿಗೆ

ನಮ್ಮವರ ಬಲಗಿವಿ ಕೆಲಸ ನಿಲ್ಲಿಸಿ ಒಂದೂವರೆ ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಾಗಿದೆ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯಿಂದ ಒಂದು ಇಡೀ ಕಿವಿಯನ್ನು ಬಚ್ಚಿಡಬಹುದು ಎಂದುಕೊಂಡ ಗಂಡಸಿನ ಧೈರ್ಯವನ್ನು ಮೆಚ್ಚಬೇಕು.

ಅವರ ಹೆಸರು ಶ್ರೀನಾಥ. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನನಗಿಲ್ಲ, ಬರೆಯಬೇಡ ಎಂದು ಯಾರೂ ಹೇಳಿಲ್ಲ. ನಾನು ಪಂಪಮ್ಮ. ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ, ಮೆಕ್ಕೆಜೋಳದ ಮಂಡಿಗಳ ಸಾಲು ಮುಗಿಯುವಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಜನ ಬೇಡವೆಂದು ಎಸೆದ ಹಳೇ ಸ್ಟೀರಿಯೊ ಸೆಟ್ಟುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು, ಬಿಚ್ಚಿ, ಒರೆಸಿ, ಕೆಟ್ಟದ್ದನ್ನು ಕಿತ್ತುಹಾಕಿ, ಮತ್ತೆ ಹಾಡುವಂತೆ ಮಾಡುವುದು ಅವರ ಕೆಲಸ. ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನ ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಸುತ್ತುವಾಗ ಪ್ರತಿ ಸುತ್ತನ್ನೂ ಎಣಿಸಬೇಕು, ಸಾವಿರದ ಮೇಲೆ ಹೋಗುತ್ತದೆ. ನಾನು ಎಣಿಸುತ್ತಿರುವಾಗ ನನ್ನನ್ನು ಯಾರೂ ಮಾತಾಡಿಸುವಂತಿಲ್ಲ. ನಮ್ಮ ಮನೆಯ ಎಷ್ಟೋ ಜಗಳಗಳು ಹೀಗೆ ಎಣಿಕೆಯ ಮಧ್ಯೆ ಸಿಕ್ಕಿ ತಣ್ಣಗಾಗಿವೆ.

ಹದಿನೈದು ವರ್ಷದ ಹಿಂದೆ ಇಂಥ ಸೆಟ್ಟುಗಳನ್ನು ಕೇಳುವವರೇ ಇರಲಿಲ್ಲ. ಎಲ್ಲರ ಜೇಬಿನಲ್ಲೂ ಮೊಬೈಲ್ ಬಂದು ಹಾಡು ಅದರೊಳಗೆ ಸೇರಿಕೊಂಡ ಮೇಲೆ ನಮ್ಮವರು ಮಿಕ್ಸಿ, ಟೇಬಲ್ ಫ್ಯಾನು ರಿಪೇರಿ ಮಾಡಿಕೊಂಡು ಕಾಲ ಹಾಕಿದರು. ಮಿಕ್ಸಿ ಬಿಚ್ಚುವಾಗ ಅವರ ಮುಖ ಹರಳೆಣ್ಣೆ ಕುಡಿದವರ ಹಾಗೆ ಇರುತ್ತಿತ್ತು. ಈಗ ಏನಾಯಿತೋ, ದಾವಣಗೆರೆಯ ಡಾಕ್ಟರು, ಹುಬ್ಬಳ್ಳಿಯ ವಕೀಲರು ಎಲ್ಲ ಹುಡುಕಿಕೊಂಡು ಬರುತ್ತಾರೆ. ನಲವತ್ತು ವರ್ಷದ ಆಂಪ್ಲಿಫೈಯರನ್ನು ಕೂಸಿನ ಹಾಗೆ ಎತ್ತಿಕೊಂಡು ಕಾರಿನಲ್ಲಿ ಇಡುತ್ತಾರೆ. ನಮ್ಮವರು ಮತ್ತೆ ಮನುಷ್ಯರಾದರು. ಬೆಳಿಗ್ಗೆ ಸೋಲ್ಡರಿನ ಹೊಗೆ ಮೂಗಿಗೆ ಬಡಿದರೇನೇ ಅವರಿಗೆ ದಿನ ಶುರು. ಗಂಡ ಖುಷಿಯಾಗಿದ್ದರೆ ಸಾರಿಗೆ ಉಪ್ಪು ಹೆಚ್ಚಾದರೂ ನಡೆಯುತ್ತದೆ, ಹಾಗಾಗಿ ನಾನೂ ಖುಷಿಯಾಗಿದ್ದೆ.

ಕಿವಿ ಹೋದದ್ದು ನನಗೆ ತಿಳಿದದ್ದು ಹೀಗೆ. ಮೊದಲು ಫೋನು ಬಲಗಿವಿಯಿಂದ ಎಡಗಿವಿಗೆ ಬಂತು. ಆಮೇಲೆ ಅವರ ಸ್ಟೂಲು ಬೆಂಚಿನ ಆ ತುದಿಯಿಂದ ಈ ತುದಿಗೆ ಬಂತು, ಎಡಗಿವಿ ನನ್ನ ಕಡೆ ಇರುವ ಹಾಗೆ. ಒಂದು ದಿನ ಬೇಕಂತಲೇ ಬಲಕ್ಕೆ ನಿಂತು ಊಟಕ್ಕೆ ಕರೆದೆ. ಮೂರು ಸಲ ಕರೆದೆ, ಮೀನಿನ ಸಾರು ಎಂದೂ ಹೇಳಿದೆ. ಮೀನಿನ ಸಾರು ಎಂದರೂ ತಿರುಗಿ ನೋಡದ ಮನುಷ್ಯ ಅಲ್ಲ ಅವರು. ಹರೆಯದಲ್ಲಿ ಮೈಕ್ ಸೆಟ್ಟಿನವರ ಜೊತೆ ಊರೂರು ತಿರುಗಿ, ಮದುವೆ, ಬಯಲಾಟ ಎಂದು ಹಾರ್ನಿನ ಬುಡದಲ್ಲೇ ಕೂತ ಕಿವಿ ಅದು. ಇಷ್ಟು ವರ್ಷ ಬಾಳಿದ್ದೇ ಹೆಚ್ಚು.

ಒಂದು ಕಿವಿ ಇಟ್ಟುಕೊಂಡು ಬದುಕಬಹುದು, ಸ್ಟೀರಿಯೊ ರಿಪೇರಿ ಮಾಡುವುದು ಕಷ್ಟ. ಎರಡು ಸ್ಪೀಕರ್ ಪೆಟ್ಟಿಗೆಯ ದನಿ ತಕ್ಕಡಿಯ ಎರಡು ತಟ್ಟೆಯಂತೆ ಸಮ ತೂಗಬೇಕು. ಬಲಗಡೆಯದು ಕಡಿಮೆ ಕೇಳುತ್ತದೆಂದು ನಮ್ಮವರು ಬಲಗಡೆಯನ್ನು ಏರಿಸಿಬಿಡುತ್ತಿದ್ದರು. ಕೊಟ್ಟೂರಿನ ಗುರುಶಾಂತ ಮೇಷ್ಟ್ರು ಒಂದು ಸೆಟ್ಟನ್ನು ವಾಪಸ್ ತಂದು, ಬಲಗಡೆಯ ಪೆಟ್ಟಿಗೆ ಕಿರುಚುತ್ತದೆ ಎಂದರು. ನಿಮ್ಮ ಮನೆಯ ಗೋಡೆಯೇ ಸರಿಯಿಲ್ಲ ಎಂದು ನಮ್ಮವರು ಅವರ ಮೇಲೇ ಹಾರಾಡಿದರು. ಅವತ್ತಿನಿಂದ ನಾನೊಂದು ಕಳ್ಳ ಕೆಲಸ ಶುರು ಮಾಡಿದೆ. ಅವರು ಚಹಾಕ್ಕೆ ಹೋದಾಗ ಸೆಟ್ಟಿನ ಮುಂದೆ ಕೂತು, ಒಂದು ಹಾಡು ಹಾಕಿ, ಒಳಗಿನ ಸಣ್ಣ ತಿರುಪನ್ನು ತಿರುಗಿಸಿ ಎರಡೂ ಕಡೆ ಸಮ ಮಾಡಿ ಇಡುತ್ತಿದ್ದೆ. ಹೀಗೆ ಆರು ಸೆಟ್ಟು ದಾಟಿಸಿದೆ. ಆಮೇಲೆ ಯಾರೂ ಏನನ್ನೂ ವಾಪಸ್ ತರಲಿಲ್ಲ.

ಬಾಯಿಬಿಟ್ಟು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಓಬಣ್ಣನ ಸಂಗತಿ ಹೇಳಬೇಕು. ಕೂಡ್ಲಿಗಿಯ ಓಬಣ್ಣ ನಮ್ಮವರಿಗೆ ಈ ವಿದ್ಯೆ ಕಲಿಸಿದವರು. ಕಣ್ಣು ಮಂಜಾದ ವರ್ಷ ತಪ್ಪು ಜಾಗದಲ್ಲಿ ಬೆಸುಗೆ ಹಾಕಿ ಒಂದು ಸೆಟ್ಟು ಸುಟ್ಟರು, ಮಾರನೇ ದಿನ ಅಂಗಡಿಗೆ ಬೀಗ ಹಾಕಿದರು. ನಮ್ಮವರು ಅದನ್ನು ಸಿಕ್ಕಸಿಕ್ಕವರ ಮುಂದೆ ಹೊಗಳಿದರು. ಆಗದ ಮೇಲೆ ಮುಟ್ಟಬಾರದು, ಕೆಲಸಗಾರ ಎಂದರೆ ಹಾಗಿರಬೇಕು ಎಂದು ಹೊಗಳಿದ್ದೇ ಹೊಗಳಿದ್ದು. ತಮ್ಮ ಕಿವಿ ಹೋಗಿದೆ ಎಂದು ಒಪ್ಪಿಕೊಂಡ ದಿನ ಆ ಮಾತು ತಮಗೇ ಸುತ್ತಿಕೊಳ್ಳುತ್ತದೆ, ಈ ಹಟಮಾರಿ ಮನುಷ್ಯ ಅಂಗಡಿ ಮುಚ್ಚುತ್ತಾರೆ. ಮುಚ್ಚಿದರೆ ಆರು ತಿಂಗಳಲ್ಲಿ ಕುಗ್ಗಿಹೋಗುತ್ತಾರೆ. ನನಗಿದ್ದದ್ದು ಅದೊಂದೇ ಭಯ. ಅದಕ್ಕೇ ತಿರುಪು ತಿರುಗಿಸಿಕೊಂಡು ಸುಮ್ಮನಿದ್ದೆ.

ಹೀಗಿರುವಾಗ ಹಗರಿಬೊಮ್ಮನಹಳ್ಳಿಯಿಂದ ಅಂಜಿನಿಯ ಫೋನ್ ಬಂತು. ಅಂಜಿನಿ ಗುಜರಿಯವನು. ಒಳ್ಳೆಯವನೇ, ಆದರೆ ಅವನ ಕೈಯಲ್ಲಿ ಸುತ್ತಿಗೆ ಸುಮ್ಮನಿರುವುದಿಲ್ಲ. ತಾಮ್ರದ ವಾಸನೆ ಬಿದ್ದರೆ ಏನನ್ನಾದರೂ ಒಡೆಯುತ್ತಾನೆ. ಹಡಗಲಿ ಕಡೆಯಿಂದ ಒಂದು ಆಂಪ್ಲಿಫೈಯರೂ ಒಂದು ಸ್ಪೀಕರ್ ಪೆಟ್ಟಿಗೆಯೂ ಬಂದಿವೆ, ಮಧ್ಯಾಹ್ನದ ತನಕ ಮುಟ್ಟುವುದಿಲ್ಲ ಎಂದು ಹೇಳಿದ. ನಮ್ಮವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಬಸ್ ಹತ್ತಿದರು.

ಸಾಯಂಕಾಲ ಅವರು ಇಳಿಸಿದ್ದನ್ನು ನೋಡಿ ನನಗೂ ಆಸೆಯಾಯಿತು. ಮುಂಭಾಗ ಬೆಳ್ಳಿ ಬಣ್ಣದ ತಗಡು, ತಿರುಗಿಸುವ ದಪ್ಪ ದಪ್ಪ ಗುಬ್ಬಿಗಳು, ಪಕ್ಕಕ್ಕೆ ಸಾಗುವಾನಿಯ ಹಲಗೆ. ಒಳಗೆ ಹಲ್ಲಿಯ ಮೊಟ್ಟೆ, ಇಲಿ ತಂದು ಕೂಡಿಸಿದ ಶೇಂಗಾ ಸಿಪ್ಪೆ, ಉಬ್ಬಿದ ಕಂಡೆನ್ಸರುಗಳು. ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು. ಅಷ್ಟೆಲ್ಲ ಇದ್ದರೂ ಒಳಗಿನ ಸರ್ಕಿಟ್ ಹಲಗೆ ಗಟ್ಟಿಯಾಗಿತ್ತು, ಪೆಟ್ಟಿಗೆಯ ಸ್ಪೀಕರಿಗೆ ಒಂದು ಗೀರೂ ಇರಲಿಲ್ಲ. ಹಿಂದಿನ ತಗಡನ್ನು ಒರೆಸಿದಾಗ ಚುಕ್ಕಿ ಚುಕ್ಕಿಯಾಗಿ ಹೆಸರು ಕಂಡಿತು: ಪಾಲಾಕ್ಷಪ್ಪ, ಮಾಗಳ. ಅಣ್ಣತಮ್ಮಂದಿರು ಬೇರೆಯಾದಾಗ ಹಂಡೆ, ಕೊಡ, ತಟ್ಟೆಗಳ ಮೇಲೆ ಹೆಸರು ಕೊರೆಯುತ್ತಾರಲ್ಲ, ಅದೇ ಮಿಷನ್ನಿನ ಅಕ್ಷರ. ಪಾತ್ರೆಗೆ ಹೆಸರು ಕೊರೆಸಿದ್ದನ್ನು ನೋಡಿದ್ದೆ, ಆಂಪ್ಲಿಫೈಯರಿಗೆ ಕೊರೆಸಿದ್ದನ್ನು ಕಂಡದ್ದು ಅದೇ ಮೊದಲು.

ನಾನು ಟ್ರಾನ್ಸ್‌ಫಾರ್ಮರ್ ಸುತ್ತಿದೆ, ಅವರು ಉಳಿದದ್ದನ್ನು ಮಾಡಿದರು. ಹನ್ನೊಂದು ದಿನದಲ್ಲಿ ಅದು ಎದ್ದು ಕೂತಿತು. ಇನ್ನೊಂದು ಪೆಟ್ಟಿಗೆ ಬೇಕಲ್ಲ? ಬೇರೆ ಯಾವುದೋ ಪೆಟ್ಟಿಗೆ ಜೋಡಿಸಿ ಕೊಡುವವರಿದ್ದಾರೆ. ನಮ್ಮವರು ಅಂಥ ಸೆಟ್ಟನ್ನು ಎಂದೂ ಹೊರಗೆ ಬಿಟ್ಟವರಲ್ಲ. ಒಂದೇ ದಿನ ಒಂದೇ ಕೈಯಲ್ಲಿ ಹುಟ್ಟಿದ ಪೆಟ್ಟಿಗೆಗಳೇ ಆಗಬೇಕು. ಹೆಸರಿದೆ, ಊರಿದೆ, ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ಮಾಗಳಕ್ಕೆ ಹೊರಟರು.

ರಾತ್ರಿಯ ಊಟದ ಹೊತ್ತಿಗೆ ವಾಪಸ್ ಬಂದಾಗ ಮುಖ ಕೆಂಪಗಿತ್ತು. ಎರಡು ರೊಟ್ಟಿ ಇಳಿದ ಮೇಲೆ ಸಂಗತಿ ಹೊರಬಂತು. ಮಾಗಳದ ಹೊಳೆಯ ದಂಡೆಗೆ ಗದ್ದೆ, ಮನೆಯಲ್ಲಿ ಕುರಿ ಇರುವ ಕುಟುಂಬ. ಪಾಲಾಕ್ಷಪ್ಪ ಅಣ್ಣ, ಜಂಬುನಾಥ ತಮ್ಮ. ಭತ್ತ ಚೆನ್ನಾಗಿ ಬಂದ ಒಂದು ವರ್ಷ ಇಬ್ಬರೂ ಕೂಡಿ ದಾವಣಗೆರೆಗೆ ಹೋಗಿ ಈ ಸೆಟ್ಟು ತಂದಿದ್ದರು. ಹತ್ತು ವರ್ಷ ಕೂಡಿಯೇ ಕೇಳಿದರು. ಆಮೇಲೆ ಮನೆ ಬೇರೆಯಾಯಿತು. ಊರಿನ ನಾಲ್ಕು ಜನ ಹಿರಿಯರು ಪಾಲು ಮಾಡಲು ಕೂತರು. ಹೊಲ, ಕುರಿ, ಹಂಡೆ ಎಲ್ಲ ಹಂಚಿ ಸೆಟ್ಟಿನ ಹತ್ತಿರ ಬಂದಾಗ ಎಷ್ಟು ಸಾಮಾನಿದೆ ಎಂದು ಎಣಿಸಿದರು. ಆಂಪ್ಲಿಫೈಯರ್ ಒಂದು, ರೆಕಾರ್ಡ್ ಪ್ಲೇಯರ್ ಒಂದು, ಪೆಟ್ಟಿಗೆ ಎರಡು. ಒಟ್ಟು ನಾಲ್ಕು. ನಾಲ್ಕು ಎಂದರೆ ಎರಡೆರಡು, ಜಗಳವೇ ಇಲ್ಲ ಎಂದು ಹಿರಿಯರು ಹಿಗ್ಗಿದರು. ಅಣ್ಣನಿಗೆ ಆಂಪ್ಲಿಫೈಯರೂ ಎಡಗಡೆಯ ಪೆಟ್ಟಿಗೆಯೂ, ತಮ್ಮನಿಗೆ ರೆಕಾರ್ಡ್ ಪ್ಲೇಯರೂ ಬಲಗಡೆಯ ಪೆಟ್ಟಿಗೆಯೂ ಹೋದವು. ಇಪ್ಪತ್ತೆರಡು ರೆಕಾರ್ಡುಗಳನ್ನು ಹನ್ನೊಂದು ಹನ್ನೊಂದು ಮಾಡಿದರು. ಹೆಸರು ಕೊರೆಯುವವನನ್ನು ಕರೆಸಿ ಎಲ್ಲದರ ಮೇಲೂ ಹೆಸರು ಹಾಕಿಸಿದರು. ಅವತ್ತಿನಿಂದ ಇಪ್ಪತ್ತೆಂಟು ವರ್ಷ ಆ ಸೆಟ್ಟು ಒಂದು ಸಾಲೂ ಹಾಡಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಎತ್ತಿನ ಜೋಡಿಯನ್ನು ಹಂಚುವಾಗ ಒಂದೊಂದು ಎತ್ತು ಕೊಟ್ಟರೇ? ಇಲ್ಲ, ಜೋಡಿ ಮುರಿಯಬಾರದು ಎಂದು ಒಬ್ಬನಿಗೇ ಕೊಟ್ಟು ಇನ್ನೊಬ್ಬನಿಗೆ ಬೇರೇನೋ ಸರಿದೂಗಿಸಿದರು. ಅಷ್ಟು ತಿಳಿವಳಿಕೆ ಇದ್ದವರಿಗೆ ಇದು ತಿಳಿಯಲಿಲ್ಲ. ಹಿರಿಯರನ್ನಾದರೂ ಬಿಡಿ, ಅಣ್ಣತಮ್ಮಂದಿರಿಗೆ ಗೊತ್ತಿತ್ತಲ್ಲ. ಅವನೇ ಬಂದು ಕೇಳಲಿ ಎಂದು ಇವನು, ಇವನೇ ಬಂದು ಕೇಳಲಿ ಎಂದು ಅವನು, ಇಬ್ಬರೂ ಅರ್ಧರ್ಧ ಇಟ್ಟುಕೊಂಡು ಕೂತರು. ಗದ್ದೆಗೆ ನೀರು ಬಿಡುವಷ್ಟು ಮಾತು ಉಳಿದಿತ್ತಂತೆ, ಒಬ್ಬರ ಮನೆಯೊಳಗೆ ಒಬ್ಬರು ಕಾಲಿಡುವುದು ನಿಂತಿತ್ತಂತೆ. ನಡುವೆ ಇರುವುದು ಒಂದು ಗೋಡೆ. ಕೊನೆಗೆ ಈ ವರ್ಷ ಅಣ್ಣನ ಮನೆಗೆ ಟೈಲ್ಸ್ ಹಾಕಿಸುವಾಗ, ಅರ್ಧ ಸಾಮಾನು ಯಾಕೆ ಜಾಗ ತಿನ್ನಬೇಕು ಎಂದು ಅವನ ಪಾಲನ್ನು ಗುಜರಿಗೆ ಹಾಕಿದರು.

ತಮ್ಮನ ಪಾಲಿನ ಪೆಟ್ಟಿಗೆ ಇದೆಯೇ ಎಂದು ಕೇಳಿದೆ. ಇದೆ, ಆದರೆ ಅದರ ಮೇಲೆ ದೇವರು ಕೂತಿದ್ದಾನೆ ಎಂದರು. ಮನೆ ಹಂಚಿದಾಗ ದೇವರ ಕೋಣೆ ಅಣ್ಣನ ಕಡೆಗೆ ಹೋಯಿತು. ತಮ್ಮನ ಹೆಂಡತಿ ಭರಮಮ್ಮನಿಗೆ ದೇವರನ್ನು ಇಡಲು ಜಗುಲಿ ಇರಲಿಲ್ಲ. ಸುಮ್ಮನೆ ಕೂತಿದ್ದ ಪೆಟ್ಟಿಗೆ ಎತ್ತರಕ್ಕೆ ಸರಿಯಾಗಿತ್ತು. ಅದರ ಮೇಲೆ ಮಣೆ ಹಾಕಿ, ಬಟ್ಟೆ ಹೊದಿಸಿ, ಮೈಲಾರಲಿಂಗನನ್ನು ಕೂರಿಸಿದಳು. ಅವತ್ತಿನಿಂದ ಅದಕ್ಕೆ ಭಂಡಾರದ ಅರಿಸಿನ ಪುಡಿ, ಎಣ್ಣೆ, ಲೋಬಾನದ ಹೊಗೆ. ರೆಕಾರ್ಡ್ ಪ್ಲೇಯರ್ ಬೇಕಾದರೆ ಒಯ್ಯಿರಿ, ಪೆಟ್ಟಿಗೆಯಿಂದ ಸ್ವಾಮಿಯನ್ನು ಎಬ್ಬಿಸುವುದಿಲ್ಲ ಎಂದು ಭರಮಮ್ಮ ಕಡ್ಡಿ ಮುರಿದಂತೆ ಹೇಳಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳಂತೆ.

ಎರಡು ದಿನ ನಮ್ಮವರು ಮಿಕ್ಸಿಯ ಕಾಲದ ಮುಖ ಹಾಕಿಕೊಂಡು ಕೂತರು. ನೋಡಲಾರದೆ ನಾನೇ ಹೇಳಿದೆ, ದೇವರು ಏಳದಿದ್ದರೆ ಬೇಡ, ನಾವೇ ಸೆಟ್ಟು ಹೊತ್ತುಕೊಂಡು ದೇವರ ಹತ್ತಿರ ಹೋಗೋಣ ಎಂದು. ಮಾರುವ ಮಾತು ಆಮೇಲೆ, ಒಂದು ಸಲ ನಾಲ್ಕೂ ಕೂಡಿ ಹಾಡಲಿ. ಅವರು ತಲೆ ಎತ್ತಿದರು. ಒಂದು ಷರತ್ತು ಹಾಕಿದರು, ಅಣ್ಣ ತಮ್ಮ ಇಬ್ಬರೂ ಎದುರಿಗೆ ಇರಬೇಕು, ಇಬ್ಬರ ಹೆಸರೂ ಕೊರೆದಿರುವಾಗ ಒಬ್ಬರಿಗೆ ಕೇಳಿಸುವುದು ಸರಿಯಲ್ಲ. ಎರಡೂ ಮನೆಗೆ ಫೋನು ಮಾಡಿದರು. ಯಾರೂ ಹ್ಞೂಂ ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಹೇಳಿದ ಮೇಲೆ ನನಗೆ ಪುಕುಪುಕು ಶುರುವಾಯಿತು. ಅಂಗಡಿಯಲ್ಲಾದರೆ ಅವರು ಚಹಾಕ್ಕೆ ಹೋದಾಗ ಸರಿ ಮಾಡುತ್ತೇನೆ. ಅಲ್ಲಿ ಜನರ ಎದುರಿಗೇ ಜೋಡಿಸಿ ಅಲ್ಲೇ ಹಾಡಿಸಬೇಕು. ತಪ್ಪಾದರೆ ಅಲ್ಲೇ ಬಯಲಾಗುತ್ತದೆ. ಹೊಳೆ ನೋಡಿ ಬಹಳ ದಿನವಾಯಿತು ಎಂದು ಸುಳ್ಳು ಹೇಳಿ ನಾನೂ ಹೊರಟೆ.

ಬಸ್ಸಿನಲ್ಲಿ ಆಂಪ್ಲಿಫೈಯರ್ ನಮ್ಮವರ ತೊಡೆಯ ಮೇಲೆ, ಪೆಟ್ಟಿಗೆ ನನ್ನ ಪಕ್ಕದ ಸೀಟಿನಲ್ಲಿ. ಪೆಟ್ಟಿಗೆಗೂ ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರ್ ಹಿಡಿದ. ಟಿಕೆಟ್ ತಗೊಂಡ ಮೇಲೆ, ಸೀಟು ಅದರದ್ದು, ಯಾರಿಗೂ ಬಿಡುವುದಿಲ್ಲ ಎಂದು ನಮ್ಮವರು ಹಡಗಲಿಯ ತನಕ ನಿಂತವರ ಜೊತೆ ವಾದ ಮಾಡಿದರು. ಮಾಗಳದಲ್ಲಿ ಇಳಿದಾಗ ಒಬ್ಬ ಎತ್ತರದ ಮುದುಕ ಕಾಯುತ್ತಿದ್ದ, ಹೆಗಲ ಮೇಲೆ ಕಂಬಳಿ. ಅವನೇ ಪಾಲಾಕ್ಷಪ್ಪ. ಪೆಟ್ಟಿಗೆಯ ಹಿಂದೆ ತನ್ನ ಹೆಸರನ್ನು ಒಮ್ಮೆ ಬೆರಳಿಂದ ಮುಟ್ಟಿದ, ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ, ಪೆಟ್ಟಿಗೆಯನ್ನು ಅದರ ಮೇಲೆ ಹೊತ್ತು ನಡೆದ. ಎಪ್ಪತ್ತು ದಾಟಿದವನು, ಬೇಡ ಎಂದರೂ ಕೇಳಲಿಲ್ಲ.

ತಮ್ಮನ ಮನೆಯ ಹೊಸ್ತಿಲ ಹತ್ತಿರ ಬಂದವನು ನಿಂತುಬಿಟ್ಟ. ಒಳಗೆ ಜಂಬುನಾಥ ಎದ್ದು ನಿಂತಿದ್ದ. ಅಣ್ಣನದೇ ಮೂಗು, ಅಣ್ಣನದೇ ನಿಲುವು.

"ಹೊತ್ಕಂಡು ಅಲ್ಲೇ ಯಾಕ ನಿಂತಿ ಅಣ್ಣ? ಒಳಗ ತಂದು ಇಳಿಸು, ಭಾರ ಐತಿ," ಎಂದ ಜಂಬುನಾಥ.

ಪಾಲಾಕ್ಷಪ್ಪ ಒಳಗೆ ಬಂದ. ಇಪ್ಪತ್ತೆಂಟು ವರ್ಷದ ಮೇಲೆ ತಮ್ಮನ ಮನೆಗೆ ಬಂದ ಅಣ್ಣನನ್ನು ಏನು ಮಾತಾಡಿಸಬೇಕೋ ತಿಳಿಯದೆ ಭರಮಮ್ಮ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ತಿನ್ನುವಾಗ ಅಣ್ಣತಮ್ಮಂದಿರು ಮಳೆಯ ಮಾತಾಡಿದರು, ಕುರಿಗಳ ಕಾಲುಬೇನೆಯ ಮಾತಾಡಿದರು. ಸೆಟ್ಟಿನ ಮಾತು ಬರಲಿಲ್ಲ. ಇವರಿಬ್ಬರನ್ನೂ ನೋಡಿ ನಮ್ಮವರು ಏನಾದರೂ ಬುದ್ಧಿ ಕಲಿತರು ಎಂದು ನೀವು ತಿಳಿದರೆ ನಿಮಗೆ ನಮ್ಮವರು ಗೊತ್ತಿಲ್ಲ. ಅವರ ಕಣ್ಣು ದೇವರ ಕೆಳಗಿನ ಪೆಟ್ಟಿಗೆಯ ಮೇಲೇ ಇತ್ತು.

ಜಂಬುನಾಥ ಟ್ರಂಕಿನಿಂದ ರೆಕಾರ್ಡ್ ಪ್ಲೇಯರ್ ತೆಗೆದ. ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಬೆಲ್ಟು ಜೇಡಿಮಣ್ಣಿನಂತೆ ಅಂಟಾಗಿತ್ತು. ನಮ್ಮವರು ತಂದಿದ್ದ ಹೊಸ ಬೆಲ್ಟು ಹಾಕಿದರು, ಹೊಸ ಮುಳ್ಳು ಹಾಕಿದರು. ಜಂಬುನಾಥನ ಹನ್ನೊಂದು ರೆಕಾರ್ಡು ಹಾಗೇ ಇದ್ದವು. ಪಾಲಾಕ್ಷಪ್ಪನ ಹನ್ನೊಂದನ್ನು ಅವನ ಮನೆಯ ಹೆಣ್ಣುಮಕ್ಕಳು ಎಂದೋ ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ ಹೂದಾನಿ ಮಾಡಿದ್ದರಂತೆ. ಹೇಳುವಾಗ ಮುದುಕನಿಗೆ ನಾಚಿಕೆಯಾಯಿತು.

ಅಣ್ಣನ ಪೆಟ್ಟಿಗೆಯನ್ನು ಗೋಡೆಯ ಆ ತುದಿಗೆ ಇಟ್ಟರು. ತಮ್ಮನದು ಈ ತುದಿಗೆ ಇದ್ದಲ್ಲೇ ಇತ್ತು. ಅದರ ಹಿಂದೆ ತಂತಿ ಸಿಕ್ಕಿಸುವ ಎರಡು ಜಾಗ ಇರುತ್ತವೆ, ಒಂದು ಕೆಂಪು, ಒಂದು ಕಪ್ಪು. ಭಂಡಾರ, ಎಣ್ಣೆ ಕೂತು ಕೂತು ಎರಡೂ ಒಂದೇ ಬಣ್ಣವಾಗಿದ್ದವು. ಬೇರೆ ಕಡೆಯಾದರೆ ನಮ್ಮವರು ಟಾರ್ಚಿನ ಸೆಲ್ಲನ್ನು ಮುಟ್ಟಿಸಿ, ಒಳಗಿನ ಕಾಗದದ ಪರದೆ ಮುಂದೆ ಜಿಗಿಯುತ್ತದೋ ಹಿಂದೆ ಜಿಗಿಯುತ್ತದೋ ನೋಡಿ ಗುರುತು ಹಿಡಿಯುತ್ತಾರೆ. ಇಲ್ಲಿ ಮುಂದೆ ದೇವರ ಬಟ್ಟೆ, ಅದರ ಹಿಂದೆ ಮೊಳೆ ಹೊಡೆದ ಹಲಗೆ. ಹಿಂದಿನಿಂದ ಕೈ ತೂರಿಸಲು ಬಿಟ್ಟದ್ದೇ ಭರಮಮ್ಮನ ಔದಾರ್ಯ. ಅಂದಾಜಿನ ಮೇಲೆ ಸಿಕ್ಕಿಸಿದರು. ತಪ್ಪಿದ್ದರೆ ಹಾಡು ಬಂದಾಗ ಎರಡು ಕಿವಿ ಇರುವ ಯಾರಿಗಾದರೂ ತಿಳಿಯುತ್ತದೆ.

ರೆಕಾರ್ಡು ತಿರುಗಿತು, ಮುಳ್ಳು ಇಳಿಯಿತು, ಹಾಡು ಬಂತು. ಯಾವುದೋ ಸಿನಿಮಾದ ಹಾಡು, ಒಬ್ಬಳು ಹೆಣ್ಣುಮಗಳದು, ಹಿಂದೆ ಕೊಳಲು, ತಬಲ. ಭರಮಮ್ಮ ಸೆರಗು ಬಾಯಿಗೆ ಹಿಡಿದಳು. ಎರಡು ಪೆಟ್ಟಿಗೆಗಳ ನಡುವೆ ಗೋಡೆಗೆ ಒರಗಿ ಕೂತಿದ್ದ ಜಂಬುನಾಥ ನೆಲ ನೋಡಿಕೊಂಡು ನಕ್ಕ. ನಮ್ಮವರು ಎದೆಯುಬ್ಬಿಸಿ ನಿಂತಿದ್ದರು, ಅವರ ಒಂದು ಕಿವಿಗೆ ಎಲ್ಲವೂ ಸರಿಯಾಗಿತ್ತು. ನನಗೆ ಹಾಡಿನ ಮೊದಲ ಸಾಲಿಗೇ ಗೊತ್ತಾಯಿತು. ತಂತಿ ತಿರುಗುಮುರುಗಾಗಿತ್ತು. ಎರಡು ಪೆಟ್ಟಿಗೆಗಳು ಒಟ್ಟಿಗೆ ಉಸಿರು ಬಿಟ್ಟು ಒಟ್ಟಿಗೆ ಎಳೆದುಕೊಳ್ಳಬೇಕು. ಒಂದು ಬಿಡುವಾಗ ಇನ್ನೊಂದು ಎಳೆದುಕೊಂಡರೆ ತಬಲದ ತೂಕ ಹೋಗುತ್ತದೆ, ಹಾಡುವವಳ ದನಿಗೆ ನೆಲೆ ಇರುವುದಿಲ್ಲ, ತಲೆಯ ಸುತ್ತ ಎಲ್ಲೋ ಅಲೆಯುತ್ತದೆ.

ಹೇಳಲೋ ಬೇಡವೋ? ಹೇಳಿದರೆ ನಾಲ್ಕು ಜನರ ಎದುರಿಗೆ ಅವರ ಕಿವಿಯನ್ನು ನಾನೇ ಬಯಲಿಗೆ ಹಾಕಿದಂತೆ. ಹೇಳದಿದ್ದರೆ ಇಪ್ಪತ್ತೆಂಟು ವರ್ಷ ಕಾದವರಿಗೆ ಕೆಟ್ಟ ಹಾಡು. ಕೆಡಲಿ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಇವರ ಹಾಡಿಗಿಂತ ನನ್ನ ಗಂಡನೇ ಹೆಚ್ಚು. ಬಾಯಿ ಮುಚ್ಚಿಕೊಂಡು ಕೂತೆ.

ಬಾಯಿ ಬಿಟ್ಟವನು ಪಾಲಾಕ್ಷಪ್ಪ. ತಲೆಯನ್ನು ಅತ್ತ ಇತ್ತ ಹೊರಳಿಸಿ ಬಹಳ ಹೊತ್ತು ಹುಡುಕಿದ.

"ಆಗೆಲ್ಲ ಆಕಿ ಎರಡರ ನಡುವ ನಿಂತು ಹಾಡ್ತಿದ್ಲು ನೋಡ್ರಿ. ಕಣ್ಣು ಮುಚ್ಚಿದ್ರ ಎದ್ರಿಗೇ ಅದಾಳ ಅನಸ್ತಿತ್ತು," ಎಂದ. "ಈಗ ಎಲ್ಲಿ ಅದಾಳ ತಿಳಿವಲ್ದು."

ನಮ್ಮವರು ಸಿಡಿದರು. ರೆಕಾರ್ಡು ಹಳೇದು, ಸವೆದಿದೆ, ನಿಮಗೂ ವಯಸ್ಸಾಗಿದೆ ಎಂದರು. ಮುದುಕ ವಾದ ಮಾಡಲಿಲ್ಲ, ಇರಬಹುದು ಎಂದು ಸುಮ್ಮನಾದ. ಅವನು ವಾದ ಮಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಇರಬಹುದು ಎಂದು ಬಿಟ್ಟದ್ದು ನಮ್ಮವರಿಗೆ ತಡೆಯಲಾಗಲಿಲ್ಲ. ಹಾಡು ನಡೆದೇ ಇತ್ತು. ಅವರು ಈ ಪೆಟ್ಟಿಗೆ ನೋಡಿದರು, ಆ ಪೆಟ್ಟಿಗೆ ನೋಡಿದರು, ತಲೆಯನ್ನು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿಸಿದರು. ಆಮೇಲೆ ಹೋಗಿ ಮುಳ್ಳು ಎತ್ತಿದರು. ನನ್ನ ಕಡೆ ತಿರುಗಿದರು.

"ಪಂಪಾ, ನನ್ನ ಬಲಗಿವಿ ಹೋಗೈತಿ. ವರ್ಷದ ಮ್ಯಾಲಾತು," ಎಂದರು. "ನಡುವ ಅನ್ನೋದು ನನಗ ಕೇಳ್ಸಂಗಿಲ್ಲ. ಆಕಿ ಎಲ್ಲಿ ನಿಂತಾಳ, ನೀ ಹೇಳು."

ಎಲ್ಲರ ಎದುರಿಗೆ ಹೇಳಿದರು, ದನಿ ತಗ್ಗಿಸಲಿಲ್ಲ. ಒಂದೂವರೆ ವರ್ಷ ನಾನು ಇವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವರು ಒಬ್ಬರೇ ಎಷ್ಟು ಹೆದರಿದ್ದರೋ ಎಂದು ಆಗ ತಿಳಿಯಿತು. ಭರಮಮ್ಮ ಮಾತ್ರ, ಒಂದು ಕಿವಿ ತಾನೇ, ನಮ್ಮವರಿಗೆ ಎರಡೂ ಇದ್ದು ಒಂದು ಮಾತೂ ಕೇಳುವುದಿಲ್ಲ ಎಂದು ಜಂಬುನಾಥನನ್ನು ತೋರಿಸಿದಳು. ಮುದುಕರಿಬ್ಬರೂ ನಕ್ಕರು. ನಮ್ಮವರೂ ನಕ್ಕರು.

"ಎಲ್ಲೂ ನಿಂತಿಲ್ಲರಿ. ಅಡ್ಡಾಡಾಕತ್ಯಾಳ," ಎಂದೆ. "ತಂತಿ ತಿರುವು ಹಾಕ್ರಿ."

ಯಾವುದೊಂದು ಪೆಟ್ಟಿಗೆಯಲ್ಲಿ ತಿರುವಿದರೂ ಸಾಕು, ದೇವರನ್ನು ಮತ್ತೆ ಮುಟ್ಟುವುದು ಬೇಡ ಎಂದು ಅಣ್ಣನ ಪೆಟ್ಟಿಗೆಯ ಹಿಂದೆ ಹೋಗಿ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಮತ್ತೆ ಮುಳ್ಳು ಇಳಿಸಿದರು. ತಬಲಕ್ಕೆ ತೂಕ ಬಂತು. ಕೊಳಲು ಎಡಕ್ಕೆ ಸರಿಯಿತು. ಆಮೇಲೆ ಆಕೆ ಬಂದಳು, ಎರಡೂ ಪೆಟ್ಟಿಗೆಗಳನ್ನು ಬಿಟ್ಟು, ನಡುವಿನ ಖಾಲಿ ಜಾಗದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಪಾಲಾಕ್ಷಪ್ಪ ಕಣ್ಣು ಮುಚ್ಚಿದ. ನಾನು ಬೆರಳು ಮಾಡಿ ತೋರಿಸಿದೆ.

ನಮ್ಮವರು ನನ್ನ ಬೆರಳಿನ ನೇರಕ್ಕೆ ನೋಡಿದರು. ಅವರಿಗೆ ಅಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಜಂಬುನಾಥ ಕಾಲು ಚಾಚಿ ಕೂತಿದ್ದ.

"ಜಂಬುನಾಥಪ್ಪ, ನೀವು ಅಲ್ಲಿಂದ ಏಳ್ರಿ," ಎಂದರು. "ಆಕಿ ಅಲ್ಲಿ ನಿಂತಾಳ."

ಜಂಬುನಾಥ ಗಡಬಡಿಸಿ ಎದ್ದ, ನಿಜವಾಗಿಯೂ ಯಾರಿಗೋ ಜಾಗ ಬಿಡುವವನ ಹಾಗೆ ಪಂಚೆ ಎತ್ತಿ ಹಿಡಿದು ಪಕ್ಕಕ್ಕೆ ಸರಿದ. ಕೂರಲು ಜಾಗ ಉಳಿದದ್ದು ಅಣ್ಣ ಹಾಸಿ ಕೂತಿದ್ದ ಕಂಬಳಿಯ ಮೇಲೆ ಮಾತ್ರ. ಪಾಲಾಕ್ಷಪ್ಪ ಕಣ್ಣು ತೆರೆಯದೆ ಒಂದಿಷ್ಟು ಸರಿದು ಕೊಟ್ಟ. ತಮ್ಮ ಅವನ ಪಕ್ಕ ಕೂತ.

ಹಾಡು ಮುಗಿದ ಮೇಲೆ ನಮ್ಮವರು ಅಂಗಡಿ ಮುಚ್ಚುವ ಮಾತು ಎತ್ತುತ್ತಾರೆಂದು ನಾನು ಕಾದೆ. ಎತ್ತಲಿಲ್ಲ. ರೆಕಾರ್ಡನ್ನು ಇನ್ನೊಂದು ಮಗ್ಗುಲಿಗೆ ತಿರುವಿ ಹಾಕಿ, ನನ್ನ ಪಕ್ಕಕ್ಕೆ ಬಂದು ಕೂತು, ಈ ಹಾಡಿನವಳು ಎಲ್ಲಿದ್ದಾಳೆ ಎಂದು ಕೇಳಿದರು. ನಾನು ತೋರಿಸಿದೆ.